ಬೆನ್ನು ನೀವಿದರೆ ಹೃದಯ ಕೇಳಿಸಿಕೊಳ್ಳುವುದೇ? – ಆಸ್ಟಿಯೋಪತಿ ಮತ್ತು ಸ್ವಾಯತ್ತ ನರಮಂಡಲ

"ನಮ್ಮ ಇಲ್ಲಿನ ಡಾಕ್ಟರ್ ಎಂ.ಡಿ. ಅಲ್ಲ, ಡಿ.ಓ." ಎಂದು ಅಮೇರಿಕದಲ್ಲಿರುವ ಮಗನೋ ಮಗಳೋ ಫೋನಿನಲ್ಲಿ ಹೇಳಿದ್ದನ್ನು ಕೇಳಿ ಗಾಬರಿಯಾದ ಹೆತ್ತವರು ನಮ್ಮ ಕರಾವಳಿಯಲ್ಲಿ ಇದ್ದಾರೆ. ಗಾಬರಿಯಾಗುವ ಅಗತ್ಯವಿಲ್ಲ. ಡಿ.ಓ. ಎಂದರೆ ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್. ಅಮೇರಿಕದಲ್ಲಿ ಅವರು ಪೂರ್ಣ ಪ್ರಮಾಣದ ವೈದ್ಯರೇ. ಔಷಧಿ ಬರೆಯುತ್ತಾರೆ, ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಅದರ ಜೊತೆಗೆ ಕೈಯಿಂದ ಮೈಯನ್ನು ಪರೀಕ್ಷಿಸಿ, ಕೈಯಿಂದಲೇ ಸ್ನಾಯು ಮತ್ತು ಕೀಲುಗಳಿಗೆ ಚಿಕಿತ್ಸೆ ನೀಡುವ ವಿದ್ಯೆಯನ್ನೂ ಕಲಿತಿರುತ್ತಾರೆ. ಆಸ್ಟಿಯೋಪತಿಯನ್ನು ಹೋಮಿಯೋಪತಿಯ ತಮ್ಮನೆಂದೋ, ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್‌ನ ಚಿಕಿತ್ಸೆಯೆಂದೋ ಭಾವಿಸುವವರೂ ಉಂಟು. ಎರಡೂ ಸರಿಯಲ್ಲ.

ಈ ಕೈಚಿಕಿತ್ಸೆಯ ಬಗ್ಗೆ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ಅದು ಬೆನ್ನುನೋವಿಗೆ ಮಾತ್ರವಲ್ಲ, ಒಳಗಿನ ನರಮಂಡಲವನ್ನೇ ಸಮತೋಲನಕ್ಕೆ ತರುತ್ತದೆ, ಆದ್ದರಿಂದ ರಕ್ತದೊತ್ತಡ, ನಿದ್ರಾಹೀನತೆ, ಅಜೀರ್ಣ, ಆತಂಕ ಎಲ್ಲದಕ್ಕೂ ಒಳ್ಳೆಯದು ಎಂದು ಹೇಳುತ್ತಾರೆ. ಬಿ.ಪಿ. ಮಾತ್ರೆ ಬಿಟ್ಟುಬಿಡಿ ಎನ್ನುವಷ್ಟು ಮುಂದೆ ಹೋಗುವವರೂ ಇದ್ದಾರೆ. ವಾಳೆಗಳಲ್ಲಿ ಮನೆ ಭೇಟಿ ಮಾಡುವವರಿಗೆ, ರೋಗಿಗಳನ್ನು ಸಂದರ್ಶಿಸುವ ಧರ್ಮಭಗಿನಿಯರಿಗೆ ಇಂತಹ ಪ್ರಶ್ನೆಗಳು ಎದುರಾಗುತ್ತವೆ. ಹಾಗಾಗಿ ಈ ಮಾತಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲಿಗೆ ನರಮಂಡಲದ ಪರಿಚಯ. ಕೈ ಎತ್ತಬೇಕು, ನಡೆಯಬೇಕು ಎಂದರೆ ನಾವು ಮನಸ್ಸು ಮಾಡಬೇಕು. ಆದರೆ ಹೃದಯ ಬಡಿಯಲು, ಬೆವರು ಬರಲು, ಊಟ ಜೀರ್ಣವಾಗಲು, ಕತ್ತಲೆಯಲ್ಲಿ ಕಣ್ಣಿನ ಪಾಪೆ ಹಿಗ್ಗಲು ನಮ್ಮ ಅಪ್ಪಣೆ ಬೇಕಾಗಿಲ್ಲ. ಈ ಕೆಲಸಗಳನ್ನು ನೋಡಿಕೊಳ್ಳುವ ನರಗಳ ಜಾಲಕ್ಕೆ ಸ್ವಾಯತ್ತ ನರಮಂಡಲ ಎಂದು ಹೆಸರು. ಇಂಗ್ಲೆಂಡಿನ ಕೇಂಬ್ರಿಜ್‌ನ ವಿಜ್ಞಾನಿ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ 1898ರಲ್ಲಿ ಈ ಹೆಸರನ್ನು ಕೊಟ್ಟರು. ಇದರಲ್ಲಿ ಎರಡು ಮುಖ್ಯ ವಿಭಾಗಗಳು. ಒಂದು ಸಿಂಪಥೆಟಿಕ್, ನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಡವಡವ ಎನ್ನಿಸಿ, ಬಾಯಿ ಒಣಗಿಸಿ, ಕಾಲಿಗೆ ಬಲ ಕೊಡುವುದು ಇದು. ಇನ್ನೊಂದು ಪ್ಯಾರಾಸಿಂಪಥೆಟಿಕ್, ಉಂಡು ಜಗಲಿಯಲ್ಲಿ ಕುಳಿತಾಗ ಬಡಿತವನ್ನು ನಿಧಾನಗೊಳಿಸಿ ಹೊಟ್ಟೆಗೆ ಕೆಲಸ ಹಚ್ಚುವುದು ಇದರ ಪಾಲು.

ಒಂದು ಗಾಡಿಯ ಆಕ್ಸಿಲರೇಟರ್, ಇನ್ನೊಂದು ಬ್ರೇಕ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹೋಲಿಕೆ ಅಷ್ಟೇನೂ ಸರಿಯಿಲ್ಲ, ಏಕೆಂದರೆ ಎರಡೂ ಸದಾ ಕೆಲಸ ಮಾಡುತ್ತಲೇ ಇರುತ್ತವೆ. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ನಾವು ವಿಶ್ರಾಂತಿಯಲ್ಲಿರುವಾಗ ಅದನ್ನು 70ರ ಆಸುಪಾಸಿಗೆ ಹಿಡಿದಿಡುವುದು ವೇಗಸ್ ಎಂಬ ನರ. ಬದಲಿ ಹೃದಯ ಜೋಡಿಸಿಕೊಂಡವರಲ್ಲಿ ಈ ನರದ ಸಂಪರ್ಕ ಕಡಿದಿರುವುದರಿಂದ ಅವರ ಹೃದಯ ಮಲಗಿರುವಾಗಲೂ ತುಸು ವೇಗವಾಗಿಯೇ ಬಡಿಯುತ್ತದೆ. ವೇಗಸ್ ಎಂದರೆ ಲತೀನ್ ಭಾಷೆಯಲ್ಲಿ ಅಲೆಮಾರಿ. ತಲೆಬುರುಡೆಯ ತಳದಿಂದ ಹೊರಟು ಕುತ್ತಿಗೆ, ಎದೆ, ಹೊಟ್ಟೆಯವರೆಗೆ ಅಲೆಯುವ ಈ ನರಕ್ಕೆ ತಕ್ಕ ಹೆಸರೇ ಹೌದು.

ಈ ನರ ಹೃದಯವನ್ನು ಹೇಗೆ ನಿಧಾನಗೊಳಿಸುತ್ತದೆ ಎಂಬುದನ್ನು ಕಂಡುಹಿಡಿದವರು ಆಸ್ಟ್ರಿಯಾದ ಗ್ರಾಜ್ ನಗರದಲ್ಲಿದ್ದ ಆಟ್ಟೋ ಲೋವಿ. ಈಸ್ಟರ್ ಭಾನುವಾರದ ಹಿಂದಿನ ರಾತ್ರಿ ಅವರಿಗೆ ನಿದ್ದೆಯಲ್ಲಿ ಒಂದು ಪ್ರಯೋಗ ಹೊಳೆಯಿತಂತೆ. ಎದ್ದು ಚೀಟಿಯಲ್ಲಿ ಗೀಚಿ ಮಲಗಿದರು, ಬೆಳಿಗ್ಗೆ ನೋಡಿದರೆ ತಮ್ಮ ಅಕ್ಷರ ತಮಗೇ ಓದಲಾಗಲಿಲ್ಲ! ಮರುರಾತ್ರಿ ಅದೇ ಯೋಚನೆ ಮತ್ತೆ ಬಂದಾಗ ಚೀಟಿಯನ್ನು ನಂಬದೆ ನೇರವಾಗಿ ಪ್ರಯೋಗಶಾಲೆಗೆ ನಡೆದರು. ಎರಡು ಕಪ್ಪೆಗಳ ಹೃದಯ ತೆಗೆದು, ಒಂದರ ವೇಗಸ್ ನರವನ್ನು ಪ್ರಚೋದಿಸಿದರು. ಅದು ನಿಧಾನವಾಯಿತು. ಅದರ ಸುತ್ತಲಿನ ಉಪ್ಪುನೀರನ್ನು ಇನ್ನೊಂದು ಹೃದಯಕ್ಕೆ ಹಾಕಿದಾಗ ಅದೂ ನಿಧಾನವಾಯಿತು. ನರವು ಒಂದು ರಾಸಾಯನಿಕವನ್ನು ಬಿಡುಗಡೆ ಮಾಡುತ್ತದೆ ಎಂಬುದು 1921ರಲ್ಲಿ ಹೀಗೆ ಪ್ರಕಟವಾಯಿತು. 1936ರಲ್ಲಿ ಹೆನ್ರಿ ಡೇಲ್ ಅವರೊಂದಿಗೆ ಲೋವಿಯವರಿಗೆ ನೊಬೆಲ್ ಬಂತು.

ಆಸ್ಟಿಯೋಪತಿ ಹುಟ್ಟಿದ್ದು ಇದೆಲ್ಲ ತಿಳಿಯುವುದಕ್ಕಿಂತ ಮೊದಲೇ. ಅದರ ಮೂಲಪುರುಷ ಆಂಡ್ರ್ಯೂ ಟೇಲರ್ ಸ್ಟಿಲ್. 1828ರಲ್ಲಿ ಅಮೇರಿಕದ ವರ್ಜೀನಿಯಾದಲ್ಲಿ ಜನಿಸಿದರು. ತಂದೆ ಮೆಥಡಿಸ್ಟ್ ಬೋಧಕರೂ ವೈದ್ಯರೂ ಆಗಿದ್ದವರು. 1864ರಲ್ಲಿ ಸ್ಟಿಲ್ ಅವರ ಮನೆಯ ಮೂವರು ಮಕ್ಕಳು ಮೆದುಳು ಪೊರೆಯ ಜ್ವರಕ್ಕೆ ಬಲಿಯಾದರು. ಪಾದರಸ ಬೆರೆತ ಔಷಧಿಗಳನ್ನು ಧಾರಾಳವಾಗಿ ಕೊಡುತ್ತಿದ್ದ ಕಾಲ ಅದು. ಇದ್ದ ಔಷಧಿಗಳಿಂದ ಮಕ್ಕಳನ್ನು ಉಳಿಸಲಾಗದ ತಂದೆ ಬೇರೆ ದಾರಿ ಹುಡುಕಿದ್ದರಲ್ಲಿ ಆಶ್ಚರ್ಯವಿಲ್ಲ. ಮೂಳೆ, ಕೀಲು, ಸ್ನಾಯುಗಳ ಜೋಡಣೆ ಸರಿಯಿದ್ದರೆ ರಕ್ತ ಮತ್ತು ನರಗಳ ಓಟ ಸರಿಯಿರುತ್ತದೆ, ಆಗ ದೇಹ ತನ್ನನ್ನು ತಾನೇ ಗುಣಪಡಿಸಿಕೊಳ್ಳುತ್ತದೆ ಎಂಬ ತಮ್ಮ ವಿಚಾರವನ್ನು 1874ರಲ್ಲಿ ಸಾರಿದರು. 1892ರಲ್ಲಿ ಮಿಸ್ಸೌರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದರು. ಸೋಂಕುರೋಗಗಳಿಗೂ ಕೈಚಿಕಿತ್ಸೆಯೇ ಸಾಕೆಂಬ ಅವರ ನಂಬಿಕೆ ನಿಲ್ಲಲಿಲ್ಲ. ಅಮೇರಿಕದ ಡಿ.ಓ. ವೈದ್ಯರು ಲಸಿಕೆ, ಆಂಟಿಬಯೋಟಿಕ್ ಎಲ್ಲವನ್ನೂ ಸ್ವೀಕರಿಸಿದ್ದಾರೆ. ಅನೇಕರು ಈಗ ಕೈಚಿಕಿತ್ಸೆಯನ್ನು ಬಳಸುವುದೇ ಅಪರೂಪ.

ಅದೇ ಕರ್ಕ್ಸ್‌ವಿಲ್‌ನಲ್ಲಿ 1940ರ ದಶಕದಲ್ಲಿ ಅರ್ವಿನ್ ಕೋರ್ ಎಂಬ ಶರೀರಶಾಸ್ತ್ರಜ್ಞರು ಈ ವಿಚಾರಕ್ಕೆ ವೈಜ್ಞಾನಿಕ ಆಧಾರ ಹುಡುಕಲು ಹೊರಟರು. ಬೆವರಿನ ಗ್ರಂಥಿಗಳನ್ನು ನಡೆಸುವುದು ಸಿಂಪಥೆಟಿಕ್ ನರಗಳು ಮಾತ್ರ. ಆದುದರಿಂದ ಬೆನ್ನಿನ ಚರ್ಮದ ವಿದ್ಯುತ್ ಪ್ರತಿರೋಧವನ್ನು ಅಳೆದು, ಎಲ್ಲಿ ಆ ನರಗಳು ಹೆಚ್ಚು ಚುರುಕಾಗಿವೆ ಎಂಬ ನಕ್ಷೆ ತಯಾರಿಸಿದರು. ಬೆನ್ನುಹುರಿಯ ಕೆಲವು ಭಾಗಗಳು ಸದಾ ಉದ್ರೇಕಗೊಂಡಿದ್ದು, ಸಣ್ಣ ಪ್ರಚೋದನೆಗೂ ದೊಡ್ಡದಾಗಿ ಪ್ರತಿಕ್ರಿಯಿಸುತ್ತವೆ, ಅದರ ಪರಿಣಾಮ ಅದೇ ಮಟ್ಟದ ಅಂಗಾಂಗಗಳ ಮೇಲೂ ಆಗುತ್ತದೆ ಎಂಬುದು ಅವರ ಸಿದ್ಧಾಂತ. ಬಹಳ ಕಾಲ ಇದೇ ಪಾಠವಾಗಿತ್ತು. ಆ ಕಾಲದ ಸಾಧನಗಳು ಅಷ್ಟು ದೊಡ್ಡ ಸಿದ್ಧಾಂತವನ್ನು ಹೊರುವಷ್ಟು ಗಟ್ಟಿಯಿರಲಿಲ್ಲ ಎಂದು ಟೀಕಾಕಾರರು ಹೇಳಿದ್ದಾರೆ, ನಮಗೂ ಅದು ಸರಿಯೆನಿಸುತ್ತದೆ. ಆದರೆ ಪ್ರಶ್ನೆ ಮಾತ್ರ ಒಳ್ಳೆಯದೇ ಆಗಿತ್ತು.

ಏಕೆಂದರೆ ಚರ್ಮ ಮತ್ತು ಸ್ನಾಯುಗಳ ಮೇಲೆ ನಡೆಯುವುದು ಒಳಗಿನ ಅಂಗಗಳಿಗೆ ತಲುಪುತ್ತದೆ ಎಂಬುದು ನಿಜ. ಜಪಾನಿನ ಅಕಿಯೋ ಸಾಟೋ ಮತ್ತು ಸಂಗಡಿಗರು ಅರಿವಳಿಕೆ ಕೊಟ್ಟ ಇಲಿಗಳಲ್ಲಿ ಇದನ್ನು ವರ್ಷಗಟ್ಟಲೆ ಪರಿಶೀಲಿಸಿದರು. ಪ್ರಜ್ಞೆಯಿಲ್ಲದ ಇಲಿಯ ಚರ್ಮವನ್ನು ಚಿವುಟಿದರೂ ಹೃದಯದ ಬಡಿತ ಏರುತ್ತದೆ. ಹೊಟ್ಟೆಯ ಮೇಲೆ ಚಿವುಟಿದರೆ ಜಠರದ ಚಲನೆ ಕುಗ್ಗುತ್ತದೆ, ಹಿಂಗಾಲಿನ ಪಾದವನ್ನು ಚಿವುಟಿದರೆ ಹೆಚ್ಚುತ್ತದೆ. ಭಯ, ನಂಬಿಕೆ, ನಿರೀಕ್ಷೆ ಯಾವುದೂ ಇಲ್ಲಿಲ್ಲ; ನರಗಳ ಪ್ರತಿವರ್ತನೆ ಮಾತ್ರ. ನಮ್ಮಲ್ಲೂ ಉದಾಹರಣೆಗಳಿವೆ. ಮುಖಕ್ಕೆ ತಣ್ಣೀರು ಎರಚಿಕೊಂಡರೆ ಬಡಿತ ನಿಧಾನವಾಗುತ್ತದೆ. ಕುತ್ತಿಗೆಯ ಪಕ್ಕದಲ್ಲಿ, ದವಡೆಯ ಕೆಳಗೆ, ರಕ್ತದೊತ್ತಡವನ್ನು ಅಳೆಯುವ ಒಂದು ಜಾಗವಿದೆ. ಕೆಲವು ವಯಸ್ಸಾದವರಲ್ಲಿ ಅದು ಎಷ್ಟು ಸೂಕ್ಷ್ಮವೆಂದರೆ ಬಿಗಿಯಾದ ಕಾಲರ್ ಹಾಕಿ ತಲೆ ತಿರುಗಿಸಿದರೂ ತಲೆಸುತ್ತಿ ಬೀಳಬಹುದು. (ಹಿರಿಯ ಗುರುಗಳು ಗಮನಿಸಬೇಕು!) ಆ ಜಾಗವನ್ನು ಮನೆಯಲ್ಲಿ ಒತ್ತಿ ನೋಡುವ ಪ್ರಯೋಗ ಖಂಡಿತ ಬೇಡ.

ಮೃದುವಾದ ಸ್ಪರ್ಶಕ್ಕೂ ತನ್ನದೇ ದಾರಿಯಿದೆ. ರೋಮವಿರುವ ಚರ್ಮದಲ್ಲಿ ಒಂದು ಬಗೆಯ ತೆಳುವಾದ ನರತಂತುಗಳಿವೆ. ಸೆಕೆಂಡಿಗೆ ಸುಮಾರು 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಅಂದರೆ ತಾಯಿ ಮಗುವಿನ ಬೆನ್ನು ಸವರುವ ವೇಗದಲ್ಲಿ ನೇವರಿಸಿದಾಗ ಅವು ಹೆಚ್ಚು ಸ್ಪಂದಿಸುತ್ತವೆ ಎಂದು ಸ್ವೀಡನ್ನಿನ ಸಂಶೋಧಕರು ತೋರಿಸಿದ್ದಾರೆ. ಒತ್ತಡ ಮತ್ತು ಸ್ಪರ್ಶವನ್ನು ಗ್ರಹಿಸುವ ಕಣಗಳನ್ನು ಪತ್ತೆಹಚ್ಚಿದ ಆರ್ಡೆಮ್ ಪಟಪೂಷಿಯನ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು.

ಹಾಗಾದರೆ ಆಸ್ಟಿಯೋಪತಿಯ ಕೈಚಿಕಿತ್ಸೆಯಿಂದ ಮನುಷ್ಯರಲ್ಲಿ ಏನಾಗುತ್ತದೆ? ಇದನ್ನು ಅಳೆಯಲು ಹೆಚ್ಚಾಗಿ ಬಳಸುವುದು ಹೃದಯ ಬಡಿತದ ಏರಿಳಿತವನ್ನು. ಆರೋಗ್ಯವಂತರ ಹೃದಯ ಗಡಿಯಾರದಂತೆ ಒಂದೇ ಸಮನೆ ಬಡಿಯುವುದಿಲ್ಲ. ಉಸಿರು ಒಳಗೆಳೆದಾಗ ತುಸು ವೇಗ, ಹೊರಬಿಟ್ಟಾಗ ತುಸು ನಿಧಾನ. ಮಣಿಕಟ್ಟಿನ ನಾಡಿ ಹಿಡಿದು ನಿಧಾನವಾಗಿ ಉಸಿರಾಡಿದರೆ ಇದನ್ನು ಅನೇಕರು ಸ್ವತಃ ಗುರುತಿಸಬಹುದು. ಉಸಿರಿನೊಂದಿಗೆ ಆಗುವ ಈ ಏರಿಳಿತ ಹೆಚ್ಚಾಗಿ ವೇಗಸ್ ನರದ ಕೆಲಸ. ಇ.ಸಿ.ಜಿ.ಯಲ್ಲಿ ಬಡಿತಗಳ ನಡುವಿನ ಅಂತರವನ್ನು ಅಳೆದು ಲೆಕ್ಕ ಹಾಕಿದರೆ ವೇಗಸ್ ಎಷ್ಟು ಚುರುಕಾಗಿದೆ ಎಂಬ ಅಂದಾಜು ಸಿಗುತ್ತದೆ. ಸಿಂಪಥೆಟಿಕ್ ನರಗಳ ಲೆಕ್ಕ ಮಾತ್ರ ಈ ವಿಧಾನದಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಎರಡರ ಸಮತೋಲನವನ್ನು ಒಂದೇ ಅಂಕಿಯಲ್ಲಿ ತೋರಿಸುತ್ತೇವೆ ಎನ್ನುವ ಯಂತ್ರಗಳ ಬಗ್ಗೆ ತಜ್ಞರಿಗೇ ಅನುಮಾನಗಳಿವೆ.

2008ರಲ್ಲಿ ಅಮೇರಿಕದ ಸಂಶೋಧಕರು 17 ಆರೋಗ್ಯವಂತರ ಮೇಲೆ ನಡೆಸಿದ ಅಧ್ಯಯನ ಜಾಣತನದ್ದು. ಮಲಗಿದವರನ್ನು ಮೇಜಿನ ಸಮೇತ 50 ಡಿಗ್ರಿ ಮೇಲಕ್ಕೆತ್ತಿದರು. ಆಗ ಸಹಜವಾಗಿಯೇ ಸಿಂಪಥೆಟಿಕ್ ನರಗಳು ಚುರುಕಾಗುತ್ತವೆ. ಅದೇ ಜನರಿಗೆ ಒಂದು ದಿನ ಕುತ್ತಿಗೆಯ ಸ್ನಾಯುಪೊರೆಯನ್ನು ಸಡಿಲಿಸುವ ಚಿಕಿತ್ಸೆ, ಇನ್ನೊಂದು ದಿನ ಬರೀ ಕೈ ಇಡುವುದು, ಮತ್ತೊಂದು ದಿನ ಏನೂ ಇಲ್ಲ. ಚಿಕಿತ್ಸೆ ಕೊಟ್ಟಾಗ ವೇಗಸ್ ನರದ ಗುರುತುಗಳು ಬಲಗೊಂಡವು ಎಂದು ವರದಿಯಾಯಿತು. 2015ರಲ್ಲಿ ಇಟಲಿಯಲ್ಲಿ 66 ಆರೋಗ್ಯವಂತರನ್ನು ಮೂರು ಗುಂಪು ಮಾಡಿ ನೋಡಿದಾಗಲೂ ನಿಜವಾದ ಚಿಕಿತ್ಸೆ ಪಡೆದವರಲ್ಲಿ ಆ ಗುರುತು ತೋರಿಕೆಯ ಚಿಕಿತ್ಸೆಯವರಿಗಿಂತ ಹೆಚ್ಚಿತ್ತು. ಪಕ್ಕೆಲುಬುಗಳ ಬುಡವನ್ನು ಮೆಲ್ಲನೆ ಎತ್ತುವ ಒಂದು ವಿಧಾನವಿದೆ. ಸಿಂಪಥೆಟಿಕ್ ನರಗಂಟುಗಳ ಸರಪಳಿ ಅಲ್ಲೇ ಮುಂದುಗಡೆ ಇರುವುದರಿಂದ ಆ ಜಾಗವನ್ನು ಆರಿಸಿಕೊಂಡದ್ದು. 2010ರ ಒಂದು ಪುಟ್ಟ ಅಧ್ಯಯನದಲ್ಲಿ ಇದಾದ ಮೇಲೆ ಎಂಜಲಿನಲ್ಲಿ ಉದ್ವೇಗ ಸೂಚಿಸುವ ಒಂದು ಕಿಣ್ವ ಕಡಿಮೆಯಾಗಿತ್ತು, ಆದರೆ ಕಾರ್ಟಿಸೋಲ್ ಎಂಬ ಹಾರ್ಮೋನು ಬದಲಾಗಲಿಲ್ಲ.

ಓದಿದಾಗ ಚೆನ್ನಾಗಿಯೇ ಕಾಣುತ್ತದೆ. ಆದರೆ ಇಲ್ಲಿ ನಾವು ಸ್ವಲ್ಪ ನಿಂತು ನೋಡಬೇಕು. ಇವರೆಲ್ಲ ಆರೋಗ್ಯವಂತರು, ಹೆಚ್ಚಿನವರು ಯುವಕರು. ಅಳತೆ ನಡೆದದ್ದು ಚಿಕಿತ್ಸೆಯ ಹೊತ್ತಿನಲ್ಲಿ ಮತ್ತು ಅದರ ಆಸುಪಾಸಿನಲ್ಲಿ. ಮರುವಾರ ಏನಾಯಿತು, ರಕ್ತದೊತ್ತಡದ ರೋಗಿಗೆ ಏನಾದೀತು ಎಂಬುದು ಅಲ್ಲಿಲ್ಲ. ಔಷಧಿಯ ಪರೀಕ್ಷೆಯಲ್ಲಿ ಯಾರಿಗೆ ಸಕ್ಕರೆ ಗುಳಿಗೆ, ಯಾರಿಗೆ ನಿಜವಾದ ಗುಳಿಗೆ ಎಂಬುದನ್ನು ಕೊಡುವವರಿಂದಲೂ ಮುಚ್ಚಿಡಬಹುದು. ಕೈಚಿಕಿತ್ಸೆಯಲ್ಲಿ ಚಿಕಿತ್ಸಕನಿಗೆ ತಾನೇನು ಮಾಡುತ್ತಿದ್ದೇನೆಂದು ಗೊತ್ತೇ ಇರುತ್ತದೆ. ಅವನ ಭರವಸೆ ಕೈಯಿಂದ, ಮಾತಿನಿಂದ ರೋಗಿಗೆ ದಾಟುವುದಿಲ್ಲವೆಂದು ಹೇಳಲಾಗದು. ಯುರೋಪಿನ ಸಂಶೋಧಕರು 2019ರಲ್ಲಿ ಇಂತಹ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಕೆಲವು ವಿಧಾನಗಳಲ್ಲಿ ಬದಲಾವಣೆ ಕಂಡಿತು, ಕೆಲವದರಲ್ಲಿ ಕಾಣಲಿಲ್ಲ.

ಉಸಿರಾಟದ ವಿಷಯ ಬೇರೆ. ಮೇಜಿನ ಮೇಲೆ ಹಾಯಾಗಿ ಮಲಗಿದವರ ಉಸಿರು ನಿಧಾನವಾಗುತ್ತದೆ. ಉಸಿರು ನಿಧಾನವಾದರೆ ಸಾಕು, ಬಡಿತದ ಏರಿಳಿತದ ಅಂಕಿಗಳು ಬದಲಾಗುತ್ತವೆ. ಇದಕ್ಕೆ ನಮ್ಮ ಓದುಗರಿಗೆ ಹತ್ತಿರದ ಒಂದು ಸಾಕ್ಷಿಯಿದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಟಲಿಯ ಲೂಚಿಯಾನೋ ಬೆರ್ನಾರ್ಡಿ ಮತ್ತು ಸಂಗಡಿಗರು 23 ಆರೋಗ್ಯವಂತರ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಜಪಮಾಲೆಯ 'ಆವೆ ಮರಿಯಾ' ಪ್ರಾರ್ಥನೆಯನ್ನು ಲತೀನ್‌ನಲ್ಲಿ, ಅರ್ಧ ಒಬ್ಬರು ಅರ್ಧ ಇನ್ನೊಬ್ಬರು ಹೇಳಿದಾಗ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ರಕ್ತದೊತ್ತಡವನ್ನು ಕ್ಷಣಕ್ಷಣಕ್ಕೂ ಸರಿಪಡಿಸುವ ಪ್ರತಿವರ್ತನೆ ಚುರುಕಾಯಿತು. ಯೋಗದ ಮಂತ್ರ ಹೇಳಿದಾಗಲೂ ಅದೇ ಫಲ. ಇದು ಭಕ್ತಿಯ ಅಳತೆಯಲ್ಲ, ಲಯದ ಅಳತೆ ಎಂಬುದನ್ನು ಸ್ಪಷ್ಟಪಡಿಸಬೇಕು. ಮನೆಗಳಲ್ಲಿ ಕೆಲವರು ತೇರ್ಸ್ ಓಡಿಸುವ ವೇಗದಲ್ಲಿ ಹೇಳಿದರೆ ಈ ಫಲ ಬರಲಾರದು! ಯಾರೂ ಮುಟ್ಟದೆ, ಉಸಿರಿನ ಲಯದಿಂದಲೇ ಇಷ್ಟು ಬದಲಾಗುವುದಾದರೆ, ಕೈಚಿಕಿತ್ಸೆಯ ಅಧ್ಯಯನದಲ್ಲಿ ಕೈಯ ಪಾಲೆಷ್ಟು, ಉಸಿರಿನ ಪಾಲೆಷ್ಟು ಎಂದು ಬೇರ್ಪಡಿಸಬೇಕಾಗುತ್ತದೆ. ಉಸಿರನ್ನೂ ಅಳೆಯದ ಅಧ್ಯಯನವನ್ನು ಪೂರ್ತಿ ನಂಬುವುದು ಕಷ್ಟ.

ರೋಗಿಗಳ ಮೇಲಿನ ದೊಡ್ಡ ಪರೀಕ್ಷೆಗಳೂ ನಡೆದಿವೆ. ಇಟಲಿಯ ಮೂರು ಆಸ್ಪತ್ರೆಗಳಲ್ಲಿ ಅವಧಿಗೆ ಮುನ್ನ ಹುಟ್ಟಿದ 695 ಶಿಶುಗಳ ಪರೀಕ್ಷೆ 2015ರಲ್ಲಿ ಪ್ರಕಟವಾಯಿತು. ಮೃದುವಾದ ಆಸ್ಟಿಯೋಪತಿ ಪಡೆದ ಶಿಶುಗಳು ಸರಾಸರಿ ಸುಮಾರು 4 ದಿನ ಬೇಗ ಮನೆಗೆ ಹೋದವು. ಕಾರಣ ಸ್ವಾಯತ್ತ ನರಮಂಡಲವೇ ಎಂಬುದು ಅದರಿಂದ ತಿಳಿಯುವುದಿಲ್ಲ. ಇಲ್ಲಿ ಒಂದು ಮಾತು ಹೇಳಲೇಬೇಕು. ಹಗುರ ತೂಕದ ಶಿಶುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗಿಸಿ ಇಡುವ ಕಾಂಗರೂ ಆರೈಕೆಯನ್ನು ಹುಟ್ಟಿದ ಕೂಡಲೇ ಆರಂಭಿಸಿದರೆ ಸಾವುಗಳು ಕಾಲುಭಾಗದಷ್ಟು ಕಡಿಮೆಯಾಗುತ್ತವೆ ಎಂದು ಭಾರತವೂ ಸೇರಿದಂತೆ ಐದು ದೇಶಗಳ ಪರೀಕ್ಷೆ 2021ರಲ್ಲಿ ತೋರಿಸಿದೆ. ಅದಕ್ಕೆ ಚಿಕಿತ್ಸಕರೂ ಬೇಡ, ಶುಲ್ಕವೂ ಬೇಡ. ಧರ್ಮಕೇಂದ್ರದಲ್ಲಿ ಬಾಣಂತಿಯರನ್ನು ಭೇಟಿಯಾಗುವವರು ಮೊದಲು ಹೇಳಬೇಕಾದದ್ದು ಇದನ್ನು.

ದೊಡ್ಡವರ ಬೆನ್ನುನೋವಿಗೆ ಬಂದರೆ, ಫ್ರಾನ್ಸಿನಲ್ಲಿ 400 ಜನರ ಪರೀಕ್ಷೆ 2021ರಲ್ಲಿ ಪ್ರಕಟವಾಯಿತು. ತೋರಿಕೆಯ ಚಿಕಿತ್ಸೆಗಿಂತ ನಿಜವಾದದ್ದು ಸ್ವಲ್ಪ ಮೇಲು. ಆದರೆ ಆ ವ್ಯತ್ಯಾಸ ರೋಗಿಗೆ ನಿತ್ಯಜೀವನದಲ್ಲಿ ಗೊತ್ತಾಗುವಷ್ಟು ದೊಡ್ಡದಲ್ಲ ಎಂದು ಸಂಶೋಧಕರೇ ಬರೆದರು. ತಲೆಬುರುಡೆಯ ಮೂಳೆಗಳ ಸೂಕ್ಷ್ಮ ಚಲನೆಯನ್ನು ಬೆರಳಿನಿಂದ ಗ್ರಹಿಸಿ ಸರಿಪಡಿಸುತ್ತೇವೆ ಎನ್ನುವ ಶಾಖೆಯೂ ಇದೆ. ಒಬ್ಬ ಚಿಕಿತ್ಸಕ ಗ್ರಹಿಸಿದ್ದು ಇನ್ನೊಬ್ಬನಿಗೆ ಸಿಗುವುದಿಲ್ಲವೆಂದು 2016ರ ವಿಮರ್ಶೆಯೊಂದು ಕಂಡುಕೊಂಡಿದೆ. ಆ ಶಾಖೆಗೆ ಹಣ ಖರ್ಚು ಮಾಡಿ ಎಂದು ಹೇಳಲು ನಮಗೆ ಮನಸ್ಸಿಲ್ಲ.

ಒಟ್ಟಿನಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ಲಯ ತಪ್ಪುವಿಕೆ ಇವುಗಳ ಔಷಧಿಗೆ ಕೈಚಿಕಿತ್ಸೆ ಬದಲಿಯಾಗಬಲ್ಲದು ಎಂದು ಯಾವ ದೊಡ್ಡ ಪರೀಕ್ಷೆಯೂ ತೋರಿಸಿಲ್ಲ. ಅರ್ಧ ಗಂಟೆ ಮನಸ್ಸು ಹಗುರವಾದದ್ದು ನಿಜವಿರಬಹುದು. ಬಿ.ಪಿ. ಮಾತ್ರೆಯ ಕೆಲಸ ಮಾತ್ರ ಇಪ್ಪತ್ತನಾಲ್ಕು ಗಂಟೆಯದು. ಹಠಾತ್ತನೆ ಬಿಟ್ಟರೆ ಒತ್ತಡವನ್ನು ಮೊದಲಿಗಿಂತ ಮೇಲಕ್ಕೆ ಚಿಮ್ಮಿಸುವ ಮಾತ್ರೆಗಳೂ ಇವೆ. ಪಾರ್ಶ್ವವಾಯು ಬಡಿಯುವ ಮುನ್ನ ತಿಳಿಸಿ ಬರುವುದು ಕಡಿಮೆ.

ಅಪಾಯಗಳೂ ಇಲ್ಲದಿಲ್ಲ. ಕುತ್ತಿಗೆಯನ್ನು ಫಕ್ಕನೆ ತಿರುಗಿಸಿ ಲಟಕ್ಕೆನಿಸುವುದರಿಂದ ಮೆದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಬಂದ ಪ್ರಕರಣಗಳು ವರದಿಯಾಗಿವೆ. ಅಪರೂಪ, ಆದರೆ ಬಂದರೆ ಗಂಭೀರ. ಕ್ಷೌರದಂಗಡಿಯಲ್ಲಿ ಕೂದಲು ಕತ್ತರಿಸಿ ಕೊನೆಗೆ ಉಚಿತವಾಗಿ ಕುತ್ತಿಗೆ ತಿರುಗಿಸುವ ಅಭ್ಯಾಸ ನಮ್ಮೂರುಗಳಲ್ಲಿ ಇಂದಿಗೂ ಇದೆ. ಅದನ್ನು ನಯವಾಗಿ ಬೇಡವೆನ್ನುವುದೇ ಒಳ್ಳೆಯದು. ಮೂಳೆ ಟೊಳ್ಳಾದ ಹಿರಿಯರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಮೂಳೆಗೆ ಕ್ಯಾನ್ಸರ್ ಹರಡಿದವರು ಬಲವಾದ ಕೈಚಿಕಿತ್ಸೆಗೆ ಒಳಗಾಗಬಾರದು. ಬೆನ್ನುನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಕಾಲು ಸೋಲುವುದು, ಮಲಮೂತ್ರದ ಹಿಡಿತ ತಪ್ಪುವುದು ಕಂಡರೆ ನೇರ ಆಸ್ಪತ್ರೆಗೆ ಹೋಗಬೇಕು. ಎದೆನೋವನ್ನು "ನರ ಹಿಡಿದದ್ದು" ಎಂದು ನೀವಿಸಿಕೊಳ್ಳುತ್ತಾ ಕುಳಿತು ಹೊತ್ತು ಕಳೆಯುವುದಂತೂ ಬೇಡವೇ ಬೇಡ.

ಯಾರ ಬಳಿಗೆ ಹೋಗುವುದು ಎಂಬುದೂ ಮುಖ್ಯ. ಇಂಗ್ಲೆಂಡಿನಲ್ಲಿ 1993ರ ಕಾಯಿದೆಯಂತೆ ನೋಂದಾಯಿಸದವರು ಆಸ್ಟಿಯೋಪಾತ್ ಎಂದು ಕರೆದುಕೊಳ್ಳುವಂತಿಲ್ಲ. ಆದರೆ ಅಲ್ಲಿನ ಆಸ್ಟಿಯೋಪಾತ್‌ಗಳು ಅಮೇರಿಕದ ಡಿ.ಓ.ಗಳಂತೆ ಔಷಧಿ ಬರೆಯುವ ವೈದ್ಯರಲ್ಲ. ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್.ಗೆ ಸಮನಾದ ಆಸ್ಟಿಯೋಪತಿ ಪದವಿ ಇಲ್ಲ. ಫಿಸಿಯೋಥೆರಪಿ ಓದಿ, ನಂತರ ಈ ವಿದ್ಯೆ ಕಲಿತವರಿದ್ದಾರೆ. ಕೆಲವೇ ದಿನಗಳ ಶಿಬಿರ ಮುಗಿಸಿ ಬೋರ್ಡು ಹಾಕಿದವರೂ ಇರಬಹುದು. ಮೂಲ ಓದು ಯಾವುದು, ಎಷ್ಟು ವರ್ಷ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ತಾನು ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯನ್ನು ಕೇಳಿ ಬರೆದುಕೊಳ್ಳುವ ಚಿಕಿತ್ಸಕರ ಮೇಲೆ ನಮಗೆ ಹೆಚ್ಚು ಭರವಸೆ.

ಸ್ನಾಯುನೋವಿಗೆಂದು ವೈದ್ಯರಿಗೆ ತಿಳಿಸಿಯೇ ಇಂತಹ ಚಿಕಿತ್ಸೆ ಪಡೆಯುವ ಬಿ.ಪಿ. ರೋಗಿಗಳು ಮುಗಿದ ಕೂಡಲೇ ಫಕ್ಕನೆ ಎದ್ದು ನಿಲ್ಲದೆ, ಒಂದೆರಡು ನಿಮಿಷ ಕಾಲು ಇಳಿಬಿಟ್ಟು ಕುಳಿತು ಏಳಬೇಕು. ಒತ್ತಡ ಇಳಿದಿದೆಯೇ ಎಂದು ತಿಳಿಯಲು ಚಿಕಿತ್ಸೆಯ ಮೇಜಿನ ಪಕ್ಕದಲ್ಲೇ ಅಳೆದರೆ ಪ್ರಯೋಜನವಿಲ್ಲ. ಮನೆಯಲ್ಲಿ ಬೆಳಿಗ್ಗೆ ಮತ್ತು ಸಂಜೆ, ಐದು ನಿಮಿಷ ಸುಮ್ಮನೆ ಕುಳಿತ ಮೇಲೆ, ಒಂದು ನಿಮಿಷ ಬಿಟ್ಟು ಎರಡು ಸಲ ಅಳೆದು, ಒಂದು ವಾರದ ಅಂಕಿಗಳನ್ನು ಪುಸ್ತಕದಲ್ಲಿ ಬರೆದು ವೈದ್ಯರಿಗೆ ತೋರಿಸಿ. ಮಾತ್ರೆಯ ಪ್ರಮಾಣ ಕಡಿಮೆ ಮಾಡಬಹುದೇ ಎಂಬುದನ್ನು ಆ ಪುಸ್ತಕ ನೋಡಿ ಅವರು ಹೇಳುತ್ತಾರೆ.